ಡಾಕ್ಟರರ ಮೂರು ಬೆರಳು

ಕೊಂಗ್ಸ್‌ಬರ್ಗ್‌ನ ಪದಕದ ಕಾರ್ಖಾನೆಯಲ್ಲಿ ಗುನ್ವರ್ ಹದಿನಾಲ್ಕು ವರ್ಷದಿಂದ ಕುಲುಮೆ ನೋಡಿಕೊಳ್ಳುತ್ತಿದ್ದಳು. ಕೆತ್ತಿದ ಉಕ್ಕಿನ ಅಚ್ಚನ್ನು ಕೆಂಪಗೆ ಕಾಯಿಸಿ ನೀರಿಗಿಳಿಸಿ ಗಟ್ಟಿ ಮಾಡುವುದು ಅವಳ ಕೆಲಸ. ಆಮೇಲೆ ಯಾವ ಉಳಿಯೂ ಅದನ್ನು ಮುಟ್ಟಲಾರದು. ಹೆಂಗಸಿಗೇಕೆ ಬೆಂಕಿಯ ಸಹವಾಸ ಎಂದು ಮೂಗು ಮುರಿದವರೇ ಈಗ ಅವಳ ಬಾಗಿಲಲ್ಲಿ ಕಾಯುತ್ತಿದ್ದರು.

ಅಂದಿನ ಅಚ್ಚು ಚಿಕ್ಕಪ್ಪ ಒಟ್ಟಾರ್ ಎಂಟು ತಿಂಗಳು ಕೂತು ಕೆತ್ತಿದ್ದು. ದಕ್ಷಿಣ ಧ್ರುವದಿಂದ ಮರಳಿದ ವಿಜ್ಞಾನಿಗಳ ಪದಕಕ್ಕೆ. ನಡುವೆ ಹಿಮದಲ್ಲಿ ಉಷ್ಣಮಾಪಕ ನೋಡುತ್ತಿರುವ ಡಾಕ್ಟರ್ ಬ್ರೆಕ್ಕೆ. ಆ ಅಳತೆಗೆಂದೇ ಕೈಗವಸು ಬಿಚ್ಚಿ ಅವರು ಎಡಗೈಯ ಮೂರು ಬೆರಳು ಕಳೆದುಕೊಂಡಿದ್ದರು. ಅದು ಪದಕದಲ್ಲಿ ಕಾಣಲೇಬೇಕೆಂದು ಸಮಿತಿ ಬರೆದಿತ್ತು.

ಅಚ್ಚಿನಲ್ಲಿ ಎಲ್ಲವೂ ಎಡಬಲ ತಿರುಗಿರಬೇಕು. ಗುನ್ವರ್ ಇನ್ನೊಮ್ಮೆ ನೋಡಿದಳು. ಇದನ್ನು ಹೀಗೇ ಒತ್ತಿದರೆ ಪದಕದಲ್ಲಿ ಬೆರಳು ಹೋಗಿರುವುದು ಬಲಗೈಯಲ್ಲಿ! ಚಿಕ್ಕಪ್ಪ ಕಾಫಿ ಸುರಿಯುವಾಗ ಲೋಟದ ಅಂಚಿಗೆ ಬೆರಳಿಟ್ಟುಕೊಳ್ಳುವುದನ್ನು ಅವಳು ಎಷ್ಟೋ ದಿನದಿಂದ ನೋಡಿಯೂ ನೋಡದಂತಿದ್ದಳು. ಈಗ ಬಾಯಿಬಿಟ್ಟರೆ ಅವರ ಕೆಲಸ ಹೋಗುತ್ತದೆ. ಮೇಲ್ವಿಚಾರಕ ರೂಡ್ ಚಿಕ್ಕಪ್ಪನ ಜೊತೆ ಪಕ್ಕದಲ್ಲೇ ನಿಂತಿದ್ದ.

"ಬೆಂಕಿ ಸರಿಯಿಲ್ಲ. ನಾಳೆ ಹಾಕೋಣ," ಎಂದಳು.

"ಆಗಲ್ಲಮ್ಮ, ಮಧ್ಯಾಹ್ನ ಪದಕ ಒತ್ತೋಕೆ ಶುರು ಮಾಡ್ಬೇಕು," ಎಂದ ರೂಡ್.

"ಪುಕ್ಕಲು ಕಣಯ್ಯ ಇವಳು," ಒಟ್ಟಾರ್ ನಕ್ಕರು. "ಹಾಕೇ."

ಇಕ್ಕಳದ ತುದಿಯ ಅಚ್ಚಿಗೂ ಕುಲುಮೆಯ ಬಾಯಿಗೂ ಒಂದು ಗೇಣು. ಗುನ್ವರಳ ಕೈ ಮುಂದೆ ಹೋಗಲಿಲ್ಲ.

"ಚಿಕ್ಕಪ್ಪ, ಡಾಕ್ಟರರ ಕೈ ಮುಟ್ಟಿ ನೋಡಿ."

ಒಟ್ಟಾರ್ ಉಗುರಿನಿಂದ ಸವರಿದರು. ನಗು ಇಳಿದುಹೋಯಿತು.

"ಕೈ ತಿರುಗಿಸೋದು ಮರೆತೆ."

"ಕಾಣ್ಲಿಲ್ವೇನ್ರೀ?" ಎಂದ ರೂಡ್.

"ಕ್ರಿಸ್‌ಮಸ್‌ನಿಂದ ಏನೂ ಸರಿಯಾಗಿ ಕಾಣ್ತಿಲ್ಲ ಸ್ವಾಮಿ."

ಹೊಸ ಅಚ್ಚಿಗೆ ಸಮಯವಿರಲಿಲ್ಲ. ಅಚ್ಚಿನ ಗುಂಡಿಯೇ ಪದಕದಲ್ಲಿ ಉಬ್ಬಾಗುವುದು. ಗುಂಡಿ ತೋಡಬಹುದು, ತುಂಬಲಾಗದು. ಪದಕದ ಎಡಗೈಯಲ್ಲಿ ಮೂಡುವ ಬೆರಳು ಅಳಿಸುವಂತಿಲ್ಲ. ಬಲಗೈಗೂ ಮೂರು ಬೆರಳು ಕೊಟ್ಟು ಎರಡೂ ಕೈ ಪೂರ್ತಿ ಮಾಡಬಹುದು, ಅಷ್ಟೆ. ಗುನ್ವರ್ ಚಿಕ್ಕಪ್ಪನ ಮಣಿಕಟ್ಟು ಹಿಡಿದಳು, ಒಟ್ಟಾರ್ ಮುಟ್ಟಿ ಮುಟ್ಟಿ ಕೆತ್ತಿದರು. ಆಮೇಲೆ ಅಚ್ಚು ನೀರಿಗಿಳಿಯಿತು. ಬಿರುಕು ಬಿಡುವ ಸದ್ದು ಬರುತ್ತದೇನೋ ಎಂದು ಮೂವರೂ ಕಿವಿಗೊಟ್ಟರು. ಬರಲಿಲ್ಲ. ನಾಳೆಯಿಂದ ಬರಬೇಡಿ ಎಂದು ಒಟ್ಟಾರರಿಗೆ ಹೇಳಿ ರೂಡ್ ಹೊರಟುಹೋದ. ಅವನ ಮೇಲೆ ಗುನ್ವರಳಿಗೆ ಬಂದ ಸಿಟ್ಟು ಕೊನೆಯವರೆಗೂ ಹೋಗಲಿಲ್ಲ.

ಪದಕ ಕೊಟ್ಟ ದಿನ ಡಾಕ್ಟರ್ ಬ್ರೆಕ್ಕೆ ಕೆತ್ತಿದವರನ್ನು ಕೇಳಿಕೊಂಡು ಬಂದರು. ಗುನ್ವರ್ ಚಿಕ್ಕಪ್ಪನ ತೋಳು ಗಟ್ಟಿಯಾಗಿ ಹಿಡಿದಳು.

"ನನ್ನ ಬೆರಳು ವಾಪಸ್ ಕೊಟ್ಟೋರು ನೀವೇನಾ?"

ಹೌದೆಂದು ಸುಮ್ಮನಾಗಬಹುದಿತ್ತು.

"ಕೊಟ್ಟದ್ದಲ್ಲ ಸ್ವಾಮಿ, ತಪ್ಪಾಗಿದ್ದು," ಎಂದರು ಒಟ್ಟಾರ್. "ಕಣ್ಣು ಹೋಗಿತ್ತು, ಮುಚ್ಚಿಟ್ಟಿದ್ದೆ."

ಡಾಕ್ಟರು ಎಡಗೈ ಚಾಚಿ ಒಟ್ಟಾರರ ಕೈ ಹಿಡಿದರು. ಹೆಬ್ಬೆರಳು, ಕಿರುಬೆರಳು, ನಡುವೆ ಏನೂ ಇಲ್ಲ. ಒಟ್ಟಾರ್ ಆ ಖಾಲಿ ಜಾಗವನ್ನು ನಿಧಾನವಾಗಿ ಸವರಿ ನೋಡಿದರು.