ಗರಡಿಯ ಗೋಡೆಯ ಮೇಲೆ ಮಗಳ ಆಟ

ಬಾಯವ್ವನ ಎಡಗಿವಿ ಕೇಳುವುದಿಲ್ಲ. ದೊಡವಾಡದಲ್ಲಿ ಅದು ಎಲ್ಲರಿಗೂ ಗೊತ್ತು. ಯಾಕೆ ಕೇಳುವುದಿಲ್ಲ ಎಂಬುದೂ ಗೊತ್ತು. ಮಾತಾಡಿಸಲು ಬಂದವರು ತಾವಾಗಿಯೇ ಅವಳ ಬಲಕ್ಕೆ ಬಂದು ನಿಲ್ಲುತ್ತಾರೆ. ಅಷ್ಟು ಉಪಕಾರ ಮಾಡಿ ಸುಮ್ಮನಾಗುತ್ತಾರೆ.

ಸಾಲಹಳ್ಳಿಯಿಂದ ಅವಳು ಮದುವೆಯಾಗಿ ಬಂದಾಗ ಗಂಡ ಮಾಳಪ್ಪ ಹೆಸರು ಮಾಡಿದ ಪೈಲ್ವಾನ. ಕಿತ್ತೂರಿನ ಕಡೆ ಕುಸ್ತಿ ನಡೆದರೆ ಅವನನ್ನು ನೋಡಲೆಂದೇ ಜನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಮಂಡಿ ಹೋದ ಮೇಲೆ ಊರ ಗರಡಿಗೆ ವಸ್ತಾದನಾಗಿ ಹುಡುಗರಿಗೆ ಪಟ್ಟು ಕಲಿಸುತ್ತ ಕುಳಿತ. ಕಣದಲ್ಲಿ ಸೋತು ಬಂದ ದಿನ ಅವನು ಮನೆಯಲ್ಲಿ ಗೆಲ್ಲುತ್ತಿದ್ದ. ಹಾಗೆ ಗೆದ್ದ ಒಂದು ಸಂಜೆಯೇ ಬಾಯವ್ವನ ಕಿವಿ ಹೋಯಿತು. ಮಗಳು ಭಾಗೀರಥಿ ಆಗ ತೊಟ್ಟಿಲಲ್ಲಿದ್ದಳು.

ಗರಡಿಯ ಕೆಂಪು ಮಣ್ಣು ಮೆತ್ತಗಿರಬೇಕೆಂದರೆ ಮಜ್ಜಿಗೆ, ಅರಿಶಿನ, ಎಣ್ಣೆ ಹಾಕಿ ಹದ ಮಾಡಬೇಕು. ಮೊಸರು ಕಡೆಯುವವಳು, ಅರಿಶಿನ ಕುಟ್ಟುವವಳು, ಕೊಡ ಹೊತ್ತು ತರುವವಳು ಬಾಯವ್ವ. ಆದರೆ ಅವಳ ಕೆಲಸ ಹೊಸ್ತಿಲಿಗೆ ಮುಗಿಯುತ್ತಿತ್ತು. ಹೆಂಗಸು ಒಳಗೆ ಕಾಲಿಟ್ಟರೆ ಗೋಡೆಯ ಗೂಡಿನಲ್ಲಿರುವ ಹನುಮಪ್ಪ ಮುನಿಯುತ್ತಾನೆ ಎಂಬುದು ಅಲ್ಲಿಯ ಕಟ್ಟಳೆ. ಬಾಯವ್ವ ಹೊರಗಿನಿಂದಲೇ ಕೈಮುಗಿದು ಹಿಂದಿರುಗುತ್ತಿದ್ದಳು. ಆ ದೇವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

ಗಂಡು ಮಗುವಾಗಲಿಲ್ಲವೆಂದು ಮಾಳಪ್ಪ ಮಗಳಿಗೇ ಅಂಗಳದಲ್ಲಿ ಪಟ್ಟು ಕಲಿಸಿದ. ಎತ್ತಿ ಒಗೆಯುತ್ತಿದ್ದ, ಅತ್ತರೆ ಮತ್ತೊಮ್ಮೆ ಒಗೆಯುತ್ತಿದ್ದ. ಹುಡುಗಿ ಅಳುವುದನ್ನು ಬಿಟ್ಟಳು. ಧಾರವಾಡದ ಕ್ರೀಡಾ ಹಾಸ್ಟೆಲಿನವರು ಅವಳ ಗಟ್ಟಿ ಕಾಲು ನೋಡಿ ಫುಟ್‌ಬಾಲಿಗೆ ಹಾಕಿಕೊಂಡರು. ಗೋಲಿನ ಮುಂದೆ ನಿಂತು ನುಗ್ಗಿ ಬಂದವರನ್ನು ತಡೆಯುವ ಆಟ ಅವಳದು. ಹಾಗೆ ತಡೆಯುತ್ತ ತಡೆಯುತ್ತ ಅವಳು ದೇಶದ ಹೆಣ್ಣುಮಕ್ಕಳ ತಂಡದಲ್ಲಿ ಬಂದು ನಿಂತಳು.

ಅರ್ಹತಾ ಸುತ್ತಿನ ಕೊನೆಯ ಪಂದ್ಯ ಹೊರದೇಶದಲ್ಲಿತ್ತು. ಅಂದು ಬೆಳಿಗ್ಗೆ ಭಾಗೀರಥಿ ಫೋನ್ ಮಾಡಿದಳು.

“ಯವ್ವಾ, ಇವತ್ತ ಗೆಲ್ಲದಿದ್ರೂ ನಡೀತೈತಿ. ಸಮ ಮಾಡಿಕೊಂಡ್ರ ಸಾಕು, ಏಷ್ಯಾದ ದೊಡ್ಡ ಪಂದ್ಯಾಕ್ಕ ಹೋಗತೇವಿ. ಸೋತ್ವಿ ಅಂದ್ರ ಮನಿಗೆ.”

“ಎಲ್ಲಮ್ಮ ದೊಡ್ಡಾಕಿ ಅದಾಳ.”

“ಆ ಕಡಿ ಹತ್ತನೇ ನಂಬರಿನಾಕಿ ಭಾಳ ಹೊಡೀತಾಳ ಯವ್ವಾ. ಹೊಡದ್ರ ನಾನೂ ಹೊಡೀಲೇನು?”

“ಬ್ಯಾಡವಾ, ತಡಕೋ. ಎಲ್ಲಮ್ಮ ನೋಡತಾಳ.”

ಭಾಗೀರಥಿ ಕೇಳಿದಳು: “ನೀ ಇಷ್ಟ ವರ್ಷ ತಡಕೊಂಡಿ. ಎಲ್ಲಮ್ಮ ನೋಡಿದ್ಲು. ನೋಡಿ ಏನ್ ಮಾಡಿದ್ಲು?”

“ನಾಷ್ಟಾ ಮಾಡಿದೇನು?” ಎಂದಳು ಬಾಯವ್ವ.

ಮಧ್ಯಾಹ್ನ ಗರಡಿಯ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿ, ಗೋಡೆಯ ಮೇಲೆ ಪಂದ್ಯ ಬೀಳುವಂತೆ ಹುಡುಗರು ಯಂತ್ರ ಹೂಡಿದರು. ಊರ ಗಂಡಸರೆಲ್ಲ ಒಳಗೆ. ಆಡುವವಳ ತಾಯಿ ಹೊಸ್ತಿಲ ಹೊರಗೆ ನಿಂತು ತಲೆಗಳ ಸಂದಿಯಲ್ಲಿ ನೋಡಬೇಕಾಯಿತು. ಮಾಳಪ್ಪನ ಹಿರಿಯ ಶಿಷ್ಯ ಶ್ರೀಶೈಲ ಬಾಗಿಲ ಬಳಿ ಕುಳಿತು ಅವಳಿಗೆ ಬಿಡಿಸಿ ಹೇಳುತ್ತಿದ್ದ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಭಾಗೀರಥಿ ಚೆಂಡಿಗೆಂದು ಜಾರಿ ಹೋಗಿ ಎದುರಿನವಳ ಕಾಲು ತೊಡರಿಸಿ ಕೆಡವಿದಳು. ಸೀಟಿ ಊದುವ ಹೆಂಗಸು ಹಳದಿ ಚೀಟಿ ತೋರಿಸಿದಳು.

“ಇನ್ನೊಂದು ತಪ್ಪು ಮಾಡಿದ್ರ ಹೊರಗ ಕಳಿಸತಾರ್ರಿ ಕಾಕೂ” ಎಂದ ಶ್ರೀಶೈಲ. “ಆಮ್ಯಾಲ ಹತ್ತ ಮಂದಿ ಆಡಬೇಕು. ಗೋಲ್ ಬೀಳೂದು ಖಾತ್ರಿ.”

ಅದು ಎದುರಾಳಿಗಳಿಗೂ ಗೊತ್ತಿತ್ತು. ಹತ್ತನೇ ನಂಬರಿನವಳು ಓಡುತ್ತ ಓಡುತ್ತಲೇ ಬೂಟಿನ ಮೊಳೆ ಊರಿ ಭಾಗೀರಥಿಯ ಪಾದ ತುಳಿದಳು. ಚೆಂಡು ಮೂಲೆಯಿಂದ ಬರುವಾಗ, ಸೀಟಿಯವಳ ಬೆನ್ನು ಈಚೆಗಿದ್ದಾಗ, ಪಕ್ಕೆಗೆ ಗುದ್ದಿದಳು. ಭಾಗೀರಥಿ ಬಗ್ಗಿ, ಉಸಿರು ಎಳೆದುಕೊಂಡು, ಮತ್ತೆ ತನ್ನ ಜಾಗಕ್ಕೆ ಹೋಗಿ ನಿಂತಳು.

“ಹೊಡಿಯಲೇ ಭಾಗಿ! ಏನ್ ನೋಡಾಕ ಹತ್ತಿ?” ಗರಡಿಯೆಲ್ಲ ಕೂಗಿತು. ಮಾಳಪ್ಪ ತೊಡೆ ತಟ್ಟಿ ಎದ್ದು ನಿಂತಿದ್ದ. “ನನ್ನ ಮಗಳಾಗಿದ್ರ ಹೊಡಿ! ಕೆಡವಿ ಎದಿ ಮ್ಯಾಲೆ ಕುಂದರು!”

ಆಟ ಮುಗಿಯಲು ಇನ್ನು ಸ್ವಲ್ಪವೇ ಹೊತ್ತು ಉಳಿದಿತ್ತು. ಎರಡೂ ಕಡೆ ಗೋಲು ಇಲ್ಲ. ಮೇಲಿಂದ ಬರುವ ಚೆಂಡಿಗೆ ಇಬ್ಬರೂ ಹಾರಿದರು. ಹತ್ತನೇ ನಂಬರಿನವಳ ಮೊಣಕೈ ಭಾಗೀರಥಿಯ ಬಾಯಿಗೆ ಬಡಿಯಿತು. ಅವಳು ಬೆನ್ನ ಮೇಲೆ ಬಿದ್ದಳು. ಗೋಡೆಯ ತುಂಬ ಅವಳ ಮುಖ, ಮುಖದ ತುಂಬ ರಕ್ತ.

ತಾನು ಹೊಸ್ತಿಲು ದಾಟಿದ್ದು ಬಾಯವ್ವನಿಗೆ ತಿಳಿಯಲಿಲ್ಲ. ಕಾಲು ಮೆತ್ತನೆಯ ಮಣ್ಣಿನಲ್ಲಿ ಹೂತರೂ ತಿಳಿಯಲಿಲ್ಲ. ಕಣದ ನಡುವೆ ನಿಂತು ಅವಳು ಗೋಡೆಯತ್ತ ನೋಡುತ್ತಿದ್ದಳು. ಗೋಡೆಯ ಮೇಲೆ ಮಗಳು ಮೊಣಕಾಲೂರಿ ಎದ್ದಳು. ಅಂಗೈಗೆ ಏನನ್ನೋ ಉಗುಳಿ ಮುಷ್ಟಿ ಕಟ್ಟಿದಳು. ಅವಳ ಭುಜ ಮೇಲೇರಿತು. ಹೊಡೆಯುವ ಮುಂಚೆ ಭುಜ ಹೀಗೆ ಏರುವುದನ್ನು ಬಾಯವ್ವ ಒಂದು ಜೀವಮಾನ ನೋಡಿದ್ದಳು.

“ಬ್ಯಾಡವಾ” ಎಂದಳು ಗೋಡೆಗೆ.

ಭಾಗೀರಥಿ ತನ್ನನ್ನು ಹೊಡೆದವಳ ಮುಂದೆಯೇ ಹಾದು ಸೀಟಿಯವಳ ಹತ್ತಿರ ಹೋದಳು. ಮುಷ್ಟಿ ಬಿಚ್ಚಿ ತೋರಿಸಿದಳು. ಅಂಗೈಯಲ್ಲಿ ಹಲ್ಲು ಇತ್ತು.

ಕೆಂಪು ಚೀಟಿ ಹೊರಬಂತು. ಹತ್ತನೇ ನಂಬರಿನವಳು ಕೂಗಾಡುತ್ತ ಮೈದಾನದಿಂದ ಹೋದಳು. ಕೊನೆಯ ಸೀಟಿ ಊದಿದಾಗ ಎರಡೂ ಕಡೆ ಗೋಲಿರಲಿಲ್ಲ. ದೇಶದ ತಂಡ ದೊಡ್ಡ ಪಂದ್ಯಾವಳಿಗೆ ಅರ್ಹತೆ ಪಡೆಯಿತು. ಗರಡಿಯಲ್ಲಿ ಕುಣಿತ, ಸಿಳ್ಳೆ.

ಮಾಳಪ್ಪ ಮಾತ್ರ ಕುಣಿಯಲಿಲ್ಲ. “ಹಲ್ಲ ಉದುರಿಸಿದಾಕಿಗೆ ಒಂದ ಏಟು ಕೊಡಲಿಲ್ಲ. ಮಾಸ್ತರಗ ಚಾಡಿ ಹೇಳಿದಂಗ ಹೇಳಿದ್ಲು. ನನ್ನ ರಕ್ತ ಅಲ್ಲ ಅದು.”

“ತಾಯಿ ಮ್ಯಾಲೆ ಹೋಗ್ಯಾಳ ಬಿಡ್ರಿ ವಸ್ತಾದ್ರ” ಎಂದು ಹಿಂದಿನಿಂದ ಯಾರೋ ನಕ್ಕರು.

ಅವನು ತಿರುಗಿದ. ಕಣದ ನಡುವೆ ಬಾಯವ್ವ ನಿಂತಿದ್ದಳು.

“ಮಣ್ಣಾಗ ಕಾಲಿಟ್ಟೀಯಲೇ ರಂಡೆ!”

ಏಟು ಕೇಳದ ಕಿವಿಯ ಮೇಲೆಯೇ ಬಿತ್ತು. ಅವಳು ಬೋರಲು ಬಿದ್ದಳು. ಅವನು ಬೆನ್ನಿಗೆ ಒದ್ದ, ಪಕ್ಕೆಗೆ ಒದ್ದ. ಸಿಳ್ಳೆ ನಿಂತಿತು. ಹುರಿಮೈಯ ಹುಡುಗರು ಒಬ್ಬೊಬ್ಬರಾಗಿ ನೆಲ ನೋಡತೊಡಗಿದರು. “ವಸ್ತಾದ್ರ...” ಎಂದು ಶ್ರೀಶೈಲ ಶುರು ಮಾಡಿ ಅಲ್ಲಿಗೇ ನುಂಗಿಕೊಂಡ.

ಬಾಯವ್ವ ಬಾಯೊಳಗಿನ ಮಣ್ಣು ಉಗುಳಿ ಎದ್ದಳು. ಗಂಡನನ್ನು ನೋಡಲಿಲ್ಲ. ತನ್ನ ಕೈಯ ಮಜ್ಜಿಗೆ ಬಿದ್ದ ಮಣ್ಣಿನಲ್ಲಿ ಬೆಳೆದ ಹುಡುಗರನ್ನು ನೋಡಿದಳು.

“ಅಲ್ಲಿ ಸೀಟಿ ಊದಾಕ ಒಬ್ಬಾಕಿ ಇದ್ಲು. ಅದಕ್ಕ ನನ್ನ ಮಗಳು ಕೈ ಎತ್ತಲಿಲ್ಲ. ಇಲ್ಲಿ ಯಾರದೀರಿ?”

“ಬಾಯಿ ಮುಚ್ಚು!” ಮಾಳಪ್ಪನ ಭುಜ ಮತ್ತೆ ಮೇಲೇರಿತು.

ಕಣದ ಅಂಚಿನಲ್ಲಿ ಮಣ್ಣು ತಿರುವುವ ಸಲಿಕೆ ಒರಗಿತ್ತು. ಅವಳು ಅದನ್ನು ಎರಡೂ ಕೈಯಿಂದ ಎತ್ತಿ, ಹಿಡಿಯ ಕಡೆಯಿಂದ ಬೀಸಿದಳು. ಮೇಲೆ ಎತ್ತಿದ ಮುಂಗೈಗೆ ಅದು ಬಡಿಯಿತು. ಹಸಿ ಕಬ್ಬು ಮುರಿದ ಹಾಗೆ ಸದ್ದಾಯಿತು. ಮಾಳಪ್ಪ ಕೈ ಅಪ್ಪಿಕೊಂಡು ಮಣ್ಣಿನಲ್ಲಿ ಕುಸಿದ. ಅವನ ಬಾಯಿಂದ ಬಂದ ಕೂಗು ಬಾಯವ್ವನಿಗೆ ಒಂದೇ ಕಿವಿಯಲ್ಲಿ ಕೇಳಿತು. ಮತ್ತೊಂದು ಏಟಿಗೆ ಸಲಿಕೆ ಎತ್ತಿದವಳು ಅವನ ಮುಖ ನೋಡಿ ಕೆಳಗಿಳಿಸಿದಳು. ಅವನು ಹೆದರಿದ್ದ.

“ನಾಳಿಂದ ಮಜ್ಜಿಗಿ ನೀನ ಕಡಕೋ” ಎಂದು ಹೇಳಿ ಹೊರಗೆ ನಡೆದಳು. ಗಂಡಸರು ಸರಿದು ದಾರಿ ಬಿಟ್ಟರು.

ಶ್ರೀಶೈಲನೂ ಇನ್ನಿಬ್ಬರೂ ಮಾಳಪ್ಪನನ್ನು ಟ್ರ್ಯಾಕ್ಟರಿಗೆ ಹತ್ತಿಸಿಕೊಂಡು ಬೈಲಹೊಂಗಲದ ಆಸ್ಪತ್ರೆಗೆ ಹೊರಟರು. ಬಾಯವ್ವ ಮನೆಗೆ ಬಂದು ಮೈ ತೊಳೆದುಕೊಂಡಳು. ದೀಪ ಹಚ್ಚಿದಳು. ಎಲ್ಲಮ್ಮನ ಫೋಟೋದ ಮುಂದೆ ಕುಳಿತಳು. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಸರಿಯಾಯಿತು ಎನ್ನಲೂ ಬರಲಿಲ್ಲ.

ಫೋನ್ ಬಂತು.

“ನೋಡಿದೇನ ಯವ್ವಾ? ಹೋದ್ವಿ ನಾವು!” ಮಗಳ ಮಾತು ತೊದಲುತ್ತಿತ್ತು. “ನಾ ತಡಕೊಂಡ್ನಿ. ನೀ ಹೇಳಿದಂಗ. ಅಪ್ಪಾ ಏನಂದ?”

“ನಿಮ್ಮಪ್ಪನ ಕೈ ಮುರದೈತಿ.”

“ಅಯ್ಯ! ಹೆಂಗ?”

“ನಾ ಮುರದ್ನಿ.”

ಆ ಕಡೆಯಿಂದ ಬಿಕ್ಕಿದಂಥ ಸದ್ದು ಬಂತು. ಅಳುತ್ತಿದ್ದಾಳೋ ಏನೋ ಎಂದು ಬಾಯವ್ವ ಫೋನನ್ನು ಬಲಗಿವಿಗೆ ಒತ್ತಿ ಹಿಡಿದಳು.

“ಯವ್ವಾ,” ಎಂದಳು ಭಾಗೀರಥಿ, “ನಗಸಬ್ಯಾಡ. ತುಟಿ ಹರದೈತಿ.”