ಕೆಟ್ಟಿರದ ಕ್ಯಾಮೆರಾ

ಕ್ಯಾಮೆರಾ ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ನಾನು ಹೇಳಿದೆ — ಒಂದು ಸಲವಲ್ಲ, ವರ್ಷಕ್ಕೂ ಮೀರಿ, ಪ್ರತಿ ಶುಕ್ರವಾರ, ಸಾವಿತ್ರಿಯ ಮುಖ ನೋಡಿಕೊಂಡೇ ಹೇಳಿದೆ. ಅವಳಿಗೆ ಓದಲು ಬರುವುದಿಲ್ಲ. ಇದನ್ನು ಬರೆಯುವ ಧೈರ್ಯ ಬಂದದ್ದೂ ಅದಕ್ಕೇ. ನೋಡಿ, ತಪ್ಪೊಪ್ಪಿಕೊಳ್ಳುವಾಗಲೂ ನಾನು ಸುಲಭದ ದಾರಿ ಹುಡುಕುವವಳು.

ಹೊನ್ನಾವರದಲ್ಲಿ ಬಂದರಿಗೆ ಹೋಗುವ ರಸ್ತೆಯ ಮೇಲೆ ನನ್ನದೊಂದು ಇಂಟರ್‌ನೆಟ್ ಅಂಗಡಿ ಇತ್ತು. ಮೊದಲು ಬರೀ ಎಸ್‌ಟಿಡಿ ಬೂತು, ಆಮೇಲೆ ಕಂಪ್ಯೂಟರುಗಳು ಬಂದವು. ಮದುವೆಯಾಗಲಿಲ್ಲ — ಯಾಕೆ ಎಂದು ಕೇಳುವವರೂ ಆ ಹೊತ್ತಿಗೆ ಸುಮ್ಮನಾಗಿದ್ದರು. ಅಂಗಡಿಯ ಹಿಂದೊಂದು ಕೋಣೆ, ಅಲ್ಲೇ ಅಡುಗೆ, ಅಲ್ಲೇ ನಿದ್ದೆ. ದಿನವಿಡೀ ಜನ ಬರುತ್ತಿದ್ದರು, ನಿಜ. ಆದರೆ ಎಲ್ಲರೂ ನನಗೆ ಬೆನ್ನು ಹಾಕಿ, ಕಂಪ್ಯೂಟರಿನ ಕಡೆ ಮುಖ ಮಾಡಿ ಕೂರುತ್ತಿದ್ದರು.

ನನ್ನ ಕಡೆ ಮುಖ ಮಾಡಿ ಕೂರುತ್ತಿದ್ದವಳು ಸಾವಿತ್ರಿ ಒಬ್ಬಳೇ. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳದು, ಮಾತು ಬಾರದು. ಶಾಲೆಗೆ ಯಾರೂ ಕಳಿಸಿರಲಿಲ್ಲ. ಗಂಡ ಮಾಬ್ಲ ಮಸ್ಕತ್ತಿನ ಒಂದು ವರ್ಕ್‌ಶಾಪಿನಲ್ಲಿದ್ದ. ಶುಕ್ರವಾರ ಅಲ್ಲಿ ರಜೆ. ಮಧ್ಯಾಹ್ನ ಅವನು ನನ್ನ ಅಂಗಡಿಗೆ ಫೋನು ಮಾಡುವುದು, ನಾನು ಕೇಳಿಸಿಕೊಂಡು ಅವಳಿಗೆ ಕೈಸನ್ನೆಯಲ್ಲಿ ಹೇಳುವುದು, ಅವಳ ಕೈ ನೋಡಿ ಅವನಿಗೆ ಬಾಯಲ್ಲಿ ಹೇಳುವುದು — ಇದು ನಮ್ಮ ಪದ್ಧತಿ. ಸನ್ನೆಗಳೆಲ್ಲ ಗಂಡ ಹೆಂಡಿರೇ ಮನೆಯಲ್ಲಿ ಕಟ್ಟಿಕೊಂಡಂಥವು. ಸಾವಿತ್ರಿ ಒಂದೊಂದಾಗಿ ನನಗೂ ಕಲಿಸಿದ್ದಳು. ಅದರಲ್ಲಿ ಎಲ್ಲರಿಗೂ ಒಂದೊಂದು ಹೆಸರಿತ್ತು. ಮೀಸೆ ತಿರುವಿದರೆ ಮಾಬ್ಲ. ಎಲೆಯಡಿಕೆ ಅಗಿದಂತೆ ಮಾಡಿದರೆ ಅತ್ತೆ ಗೌರಮ್ಮ. ಸಾವಿತ್ರಿಗೆ ಹೆಸರಿಟ್ಟವನು ಮಾಬ್ಲನೇ — ಬಲಗೈಯ ಎರಡು ಬೆರಳು ಜೋಡಿಸಿ, ಮೂಗುತಿಯ ಜಾಗದಲ್ಲಿ ಮೆಲ್ಲಗೆ ಮುಟ್ಟುವುದು. ನನ್ನ ಹೆಸರು? ಹೆಬ್ಬೆರಳು ಕಿವಿಗೆ, ಕಿರುಬೆರಳು ಬಾಯಿಗೆ. ಫೋನು.

ನಗಬೇಡಿ. ಆ ಹೆಸರು ನನಗೆ ತುಂಬ ಇಷ್ಟವಿತ್ತು.

“ಅವಳಿಲ್ದೆ ಊಟ ಸೇರೂದಿಲ್ಲ ಅಂತ ಹೇಳು ಶೈಲಕ್ಕ” ಎನ್ನುತ್ತಿದ್ದ ಮಾಬ್ಲ. ನಾನು ಹೇಳುತ್ತಿದ್ದೆ. ಆದರೆ ಅದು ಮೊದಲು ನನ್ನ ಕಿವಿಯೊಳಗೆ ಬಂದು, ಒಂದು ಗಳಿಗೆ ಅಲ್ಲಿ ಕೂತು, ಆಮೇಲೆ ಅವಳಿಗೆ ಹೋಗುತ್ತಿತ್ತು. ಮಾಬ್ಲನ ಮೇಲೆ ಆಸೆಯಿತ್ತೆಂದಲ್ಲ — ಛೆ, ಅಂಥದ್ದೇನಿಲ್ಲ. ಅಂಥ ಮಾತು ಯಾರಿಂದಲೂ ಕೇಳದವಳಿಗೆ, ದಾಟಿಸುವುದರಲ್ಲೇ ಒಂದಿಷ್ಟು ಸಿಗುತ್ತಿತ್ತು. ಅಷ್ಟೆ.

ಬ್ರಾಡ್‌ಬ್ಯಾಂಡ್ ಬಂದ ವರ್ಷ, ರಜೆಗೆ ಊರಿಗೆ ಹೊರಟ ಭಟ್ಕಳದವರೊಬ್ಬರ ಕೈಯಲ್ಲಿ ಮಾಬ್ಲ ಒಂದು ಯುಎಸ್‌ಬಿ ಕ್ಯಾಮೆರಾ ಕಳಿಸಿದ. ಅಂಥದ್ದೇ ಇನ್ನೊಂದು ಅವನ ರೂಮಿನಲ್ಲಿ. ಇನ್ನು ಮುಂದೆ ಗಂಡ ಹೆಂಡಿರು ನೇರವಾಗಿ ಕೈಯಲ್ಲೇ ಮಾತಾಡಬಹುದು. ಮೊದಲು ಸೀಡಿಯಿಂದ ಡ್ರೈವರ್ ಎಂಬ ಸಾಫ್ಟ್‌ವೇರ್ ಹಾಕಿ, ಆಮೇಲೇ ವೈರು ಚುಚ್ಚಿ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿತ್ತು. ಆದರೆ ಅದು ಶುಕ್ರವಾರದ ಬೆಳಿಗ್ಗೆ. ಗೌರಮ್ಮ ತೆಂಗಿನಕಾಯಿ, ಊದುಬತ್ತಿ ಹಿಡಿದುಕೊಂಡೇ ಬಂದಿದ್ದರು. ಕ್ಯಾಮೆರಾದ ನೆತ್ತಿಗೆ ಕುಂಕುಮ ಹಚ್ಚಿ, ಗಡಿಯಾರ ನೋಡಿ, “ರಾಹುಕಾಲ ಬರೂಕೆ ಮುಂಚೆ ಚಾಲೂ ಮಾಡೇಬಿಡೇ ಶೈಲಾ. ಸೀಡಿಗೀಡಿ ಎಲ್ಲ ಆಮೇಲೆ ಆತು” ಎಂದರು. ಆಗಲಿ ಎಂದು, ಒಂದೇ ತೂತಿಗೆ ನಾಲ್ಕಾರು ವೈರು ಸಿಕ್ಕಿಸಲು ಮೇಜಿನ ಮೇಲಿಟ್ಟಿದ್ದ ಯುಎಸ್‌ಬಿ ಹಬ್ಬಿಗೆ, ಪ್ರಿಂಟರಿನ ವೈರಿನ ಪಕ್ಕ ಚುಚ್ಚಿದೆ. ಕಂಪ್ಯೂಟರಿಗೆ ಗುರುತು ಸಿಗಲಿಲ್ಲ. ‘ಅನ್‌ನೋನ್ ಡಿವೈಸ್’ ಎಂದು ಹಳದಿ ಗುರುತು ಹಾಕಿ ಕೂತುಬಿಟ್ಟಿತು.

ಆ ಮಧ್ಯಾಹ್ನ ಮತ್ತೆ ಫೋನೇ. ಸಾವಿತ್ರಿಯ ಮುಖ ಸಪ್ಪಗಾಗಿತ್ತು. ನನಗೆ — ಹೇಳಿಬಿಡುತ್ತೇನೆ — ಹಾಯೆನಿಸಿತು.

ಸಂಜೆ ಅಂಗಡಿಯ ಬಾಗಿಲೆಳೆದು ಸರಿಮಾಡಲು ಕೂತೆ. ಆಗ ನನ್ನ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ, ನಂಬಿ. ಹಳದಿ ಗುರುತಿನ ಸಾಲನ್ನು ಅಳಿಸಿದೆ, ಕಂಪ್ಯೂಟರನ್ನು ಒಮ್ಮೆ ಮುಚ್ಚಿ ತೆರೆದೆ, ಸೀಡಿ ಹಾಕಿದೆ. ಆ ಹಬ್ಬಿಗೆ ತನ್ನದೇ ಕರೆಂಟು ಇರಲಿಲ್ಲ, ಎಲ್ಲವನ್ನೂ ಹೊರುವ ಶಕ್ತಿ ಅದಕ್ಕೆಲ್ಲಿಯದು ಎಂದು ಕ್ಯಾಮೆರಾದ ವೈರನ್ನು ಕಂಪ್ಯೂಟರಿನ ಬೆನ್ನಿಗೇ ನೇರ ಚುಚ್ಚಿದೆ. ಹಸಿರು ದೀಪ ಹತ್ತಿತು. ಪರದೆಯ ಮೇಲೆ ಒಬ್ಬ ಹೆಂಗಸು ಬಂದಳು. ನಾನೇ. ಹಿಂದೆ ಖಾಲಿ ಕುರ್ಚಿಗಳು, ಎಳೆದ ಬಾಗಿಲು. ಕೈ ಎತ್ತಿ ನನ್ನ ಹೆಸರು ಮಾಡಿ ನೋಡಿದೆ. ಅವಳೂ ಮಾಡಿದಳು. ಆಗ ಹೊಳೆಯಿತು — ಮುಂದಿನ ಶುಕ್ರವಾರದಿಂದ ಈ ಫೋನು ಯಾರಿಗೂ ಬೇಡ. ಸಾವಿತ್ರಿ ಬರುತ್ತಾಳೆ, ಎಲ್ಲರ ಹಾಗೆ ನನಗೆ ಬೆನ್ನು ಹಾಕಿ ಕೂರುತ್ತಾಳೆ...

ಮೌಸಿನ ಬಲಗುಂಡಿ ಒತ್ತಿದೆ. ‘ಡಿಸೇಬಲ್’ ಎಂಬಲ್ಲಿ ಒತ್ತಿದೆ. ಕ್ಯಾಮೆರಾದ ಹೆಸರಿನ ಮೇಲೆ ಕೆಂಪು ಕತ್ತರಿ ಗುರುತು ಬಿತ್ತು. ದೀಪ ಆರಿತು. ಯಾರಿಗೂ ಅನುಮಾನ ಬರಬಾರದೆಂದು ವೈರನ್ನು ಮೊದಲಿನಂತೆ ಹಬ್ಬಿಗೇ ಚುಚ್ಚಿ, ಅಲ್ಲೂ ಕತ್ತರಿ ಬೀಳುವಂತೆ ನೋಡಿಕೊಂಡೆ.

ಅಲ್ಲಿಂದ ನನ್ನ ನಾಟಕ ಶುರುವಾಯಿತು. ಎರಡೂ ಕಡೆ ಕ್ಯಾಮೆರಾ ಸರಿಯಿದ್ದರೆ ಮಾತ್ರ ಚಿತ್ರ ಬರುವುದು ಎಂದು ಮಾಬ್ಲನಿಗೆ ಹೇಳಿದೆ, ಅದೂ ಸುಳ್ಳು. ಪ್ರತಿ ವಾರ ಸಾವಿತ್ರಿಯ ಎದುರು ವೈರು ಕೀಳುವುದು, ಊದಿ ಮತ್ತೆ ಚುಚ್ಚುವುದು, ಕಂಪ್ಯೂಟರು ಮುಚ್ಚಿ ತೆರೆಯುವುದು, ಹಣೆ ಚಚ್ಚಿಕೊಳ್ಳುವುದು. ಮಾಬ್ಲನ ರೂಮಿನವನು ಹೇಳಿದನಂತೆ, ಹಬ್ಬಿನದೇ ತೊಂದರೆ ಎಂದು. ಪಾಪ, ಪ್ಲಗ್ಗಿಗೆ ಹಾಕುವಂಥ ಹೊಸ ಹಬ್ ಕಳಿಸಿದ. ಅದನ್ನೂ ಅವಳ ಕಣ್ಣೆದುರೇ ಹಾಕಿದೆ — ಹಿಂದಿನ ರಾತ್ರಿಯೇ ಅದರಲ್ಲೂ ಕತ್ತರಿ ಬೀಳಿಸಿಟ್ಟು, ಆಗುವುದಿಲ್ಲವೆಂದು ಗೊತ್ತಿದ್ದೇ ಹಾಕಿದೆ. ಆ ದಿನ ಸಾವಿತ್ರಿ ಎದ್ದು ಬಂದು ನನ್ನ ಬೆನ್ನು ಸವರಿದಳು. ನೀನು ಬೇಜಾರು ಮಾಡಿಕೊಳ್ಳಬೇಡ ಎಂದು ಸನ್ನೆ ಮಾಡಿದಳು. ಬೇರೆ ಅಂಗಡಿಗೆ ಹೋಗೋಣವೇ ಎಂದು ಅವಳು ಕೇಳಿದರೆ ಗೌರಮ್ಮ ಒಪ್ಪುತ್ತಿರಲಿಲ್ಲ. “ಅಲ್ಲೆಲ್ಲ ಗಂಡುಹುಡುಗ್ರು ತುಂಬಿರ್ತಾರೆ. ಶೈಲಾ ಆದ್ರೆ ನಮ್ಮವಳು.”

ನಮ್ಮವಳು! ಆ ಮಾತಿಗೆ ನಾನು ಎಷ್ಟು ಉಬ್ಬಿಹೋಗಿದ್ದೆ.

ಆಮೇಲೊಂದು ಶುಕ್ರವಾರ ಫೋನು ತಡವಾಗಿ ಬಂತು. ಮಾಬ್ಲನ ಧ್ವನಿ ಕುಗ್ಗಿತ್ತು.

“ಶೈಲಕ್ಕ, ಕೈ ಮಶೀನಿಗೆ ಸಿಕ್ತು. ಬಲಗೈದು ಎರಡು ಬೆರಳು ಹೋತು. ಅವಳಿಗೆ ಈಗ ಹೇಳೂದು ಬೇಡ. ನಾನೇ ಎದುರಿಗೆ ಕೂತು ತೋರಿಸಿ ಹೇಳ್ತೆ. ಆ ಕ್ಯಾಮೆರಾ ಒಂದು ಎಂತಾದ್ರೂ ಮಾಡಿ ಸರಿ ಮಾಡು ಮಾರಾಯ್ತಿ.”

ಎದುರಿಗೇ ಸಾವಿತ್ರಿ. ಕಣ್ಣು ಮಿಟುಕಿಸದೆ ನನ್ನ ಮುಖವನ್ನೇ ನೋಡುತ್ತಿದ್ದಾಳೆ. ಏನಂತೆ? ನಾನು ಕೈ ಎತ್ತಿದೆ. ಊಟ ಆಯಿತಂತೆ. ಅಲ್ಲಿ ಬಿಸಿಲು ಜೋರಂತೆ. ಚೆನ್ನಾಗಿದ್ದಾನಂತೆ.

ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಡ್ರೈವರ್ ಇತ್ತು, ಹಬ್ ಇತ್ತು, ಎಲ್ಲ ಇತ್ತು. ಆ ಕೆಂಪು ಕತ್ತರಿ ತೆಗೆದಿದ್ದರೆ ಮುಗಿದಿತ್ತು. ಅವನು ಆ ಕೈಯನ್ನು ಮೊದಲು ಹೆಂಡತಿಗೆ ತೋರಿಸಬೇಕೆಂದಿದ್ದ — ಅವರಿಬ್ಬರ ನಡುವೆ ಕೈಯೇ ಮಾತು. ಅವನು ಕಳಕೊಂಡದ್ದು ಎರಡು ಬೆರಳಷ್ಟೇ ಅಲ್ಲವೆಂದು ಅವಳೊಬ್ಬಳಿಗೆ ಅರ್ಥವಾಗುತ್ತಿತ್ತು. ನಾನು ಒತ್ತಲಿಲ್ಲ. ಈಗ ಸರಿಹೋದರೆ ಇಷ್ಟು ದಿನ ಯಾಕೆ ಆಗಲಿಲ್ಲವೆಂದು ಕೇಳಿಯಾರು ಎಂಬ ಹೆದರಿಕೆ ಒಂದು. ಇನ್ನೊಂದು — ಆ ಗಳಿಗೆಯಲ್ಲೂ ನನ್ನ ತಲೆಯಲ್ಲಿ ಬಂದದ್ದು, ಮುಂದಿನ ಶುಕ್ರವಾರ ನನ್ನ ಎದುರಿನ ಕುರ್ಚಿ ಖಾಲಿಯಾಗುತ್ತದೆ ಎಂದು. ಥೂ.

ಕೆಲವು ತಿಂಗಳ ನಂತರ ಮಾಬ್ಲ ಊರಿಗೆ ಬಂದ. ಹೊನ್ನಾವರದ ಬಸ್‌ಸ್ಟ್ಯಾಂಡಿಗೆ ಸಾವಿತ್ರಿ, ಗೌರಮ್ಮ, ಅವರ ಜೊತೆ ‘ನಮ್ಮವಳು’ — ಮೂವರೂ ಹೋಗಿದ್ದೆವು. ಅವನು ಬಲಗೈಯನ್ನು ಪ್ಯಾಂಟಿನ ಕಿಸೆಯಲ್ಲಿಟ್ಟುಕೊಂಡೇ ಬಸ್ಸಿಳಿದ. ಮನೆಗೆ ಹೋಗಿ ಹೇಳೋಣ ಅಂದುಕೊಂಡಿದ್ದನೋ ಏನೋ. ಸಾವಿತ್ರಿ ಜನರ ನಡುವೆ ಅವನನ್ನು ಕಂಡು, ನಗುತ್ತ, ಮೀಸೆ ತಿರುವಿದಳು. ಅವನು ಮರೆತ. ಅಭ್ಯಾಸಬಲದಿಂದ ಬಲಗೈ ತೆಗೆದು, ಅವಳ ಹೆಸರು ಮಾಡಲು ಮೂಗಿನ ಹತ್ತಿರ ತಂದ.

ಮುಟ್ಟಲು ಬೆರಳಿರಲಿಲ್ಲ.

ಅವಳ ಕೈ ಮೀಸೆಯ ಸನ್ನೆಯಲ್ಲೇ ನಿಂತುಹೋಯಿತು. ಗೌರಮ್ಮ “ಅಯ್ಯೋ ಮಗನೇ” ಎಂದು ಕೂಗಿದರು, ಜನ ತಿರುಗಿ ನೋಡಿದರು. ಸಾವಿತ್ರಿ ಅವನ ಕಡೆ ಓಡಲಿಲ್ಲ. ನನ್ನ ಕಡೆ ತಿರುಗಿದಳು. ತನ್ನ ಹಣೆ ಮುಟ್ಟಿ, ನನ್ನತ್ತ ಬೆರಳು ತೋರಿಸಿದಳು. ನಿನಗೆ ಗೊತ್ತಿತ್ತಾ?

ಇಲ್ಲ ಎಂದು ಕೈಯಾಡಿಸಿದೆ.

ಮಾಬ್ಲ ನೋಡಿದ. ತನ್ನ ಗುಟ್ಟು ಕಾಯಲೆಂದು ನಾನು ಸುಳ್ಳು ಹೇಳಿದೆ ಅಂದುಕೊಂಡನು, ಒಳ್ಳೆಯ ಮನುಷ್ಯ. ಆಮೇಲೆ ಅವನೇ ಅವಳಿಗೆ ಅದನ್ನು ಹಾಗೆಯೇ ತಿಳಿಸಿ ಹೇಳಿದನಂತೆ; ಅವಳು ನನ್ನನ್ನು ಕ್ಷಮಿಸಿದಳು. ಕ್ಯಾಮೆರಾದ ವಿಷಯ ಇಬ್ಬರಿಗೂ ಇಂದಿಗೂ ಗೊತ್ತಿಲ್ಲ. ಅವನು ಮಸ್ಕತ್ತಿಗೆ ಮರಳಲಿಲ್ಲ. ಕುಮಟೆಯಲ್ಲಿ ಸೈಕಲ್ ಅಂಗಡಿ ಹಾಕಿಕೊಂಡು ಅಲ್ಲೇ ಮನೆ ಮಾಡಿದರು. ಅವಳ ಹೆಸರನ್ನು ಈಗ ಎಡಗೈಯಲ್ಲಿ ಮಾಡುತ್ತಾನೆ.

ನನ್ನ ಅಂಗಡಿ ಮುಚ್ಚಿ ಬಹಳ ಕಾಲವಾಯಿತು. ಶುಕ್ರವಾರ ಮಧ್ಯಾಹ್ನ ಸಾವಿತ್ರಿ ಮೊಬೈಲಿನಲ್ಲಿ ವಿಡಿಯೋ ಕರೆ ಮಾಡುತ್ತಾಳೆ, ತಪ್ಪಿಸುವುದಿಲ್ಲ. ಶೈಲಕ್ಕ ಒಬ್ಬಳೇ ಇದ್ದಾಳೆ ಎಂದು ಮಾಡುತ್ತಾಳೆ. ಊಟ ಆಯಿತಾ, ಮಂಡಿನೋವು ಹೇಗಿದೆ — ಎಲ್ಲ ಕೈಯಲ್ಲೇ ಕೇಳುತ್ತಾಳೆ. ನಾನು ಉತ್ತರಿಸುವಾಗ ಮೂಲೆಯಲ್ಲಿ ಚಿಕ್ಕದಾಗಿ ನನ್ನ ಮುಖವೂ ಕಾಣುತ್ತದೆ. ಅದನ್ನು ನೋಡಲು ನನಗೆ ಆಗುವುದಿಲ್ಲ.

ಆ ಕ್ಯಾಮೆರಾ ಇನ್ನೂ ನನ್ನ ಹತ್ತಿರ ಇದೆ. ನೆತ್ತಿಯ ಮೇಲೆ ಗೌರಮ್ಮನ ಕುಂಕುಮದ ಕಲೆ ಹಾಗೇ ಇದೆ. ಈ ಶುಕ್ರವಾರ ಅದನ್ನು ಅವಳ ಕಣ್ಣಿಗೆ ಹಿಡಿಯುತ್ತೇನೆ. ಸುಳ್ಳು ಎನ್ನುವುದಕ್ಕೆ ಅವಳು ಕಲಿಸಿದ ಸನ್ನೆ, ನಾಲಿಗೆಯ ತುದಿ ಮುಟ್ಟಿ ಬೆರಳನ್ನು ಪಕ್ಕಕ್ಕೆ ಎಸೆಯುವುದು. ಅದನ್ನು ಮಾಡುತ್ತೇನೆ. ಆಮೇಲೆ ಹೆಬ್ಬೆರಳು ಕಿವಿಗೆ, ಕಿರುಬೆರಳು ಬಾಯಿಗೆ ತಂದು, ಸುಳ್ಳು ಹೇಳಿದವಳು ಯಾರೆಂದು ಹೇಳುತ್ತೇನೆ.

ಅವಳು ಕರೆ ಕತ್ತರಿಸಿದರೆ ಕತ್ತರಿಸಲಿ. ನಾನು ತಿರುಗಿ ಕರೆ ಮಾಡಿ ಕಾರಣ ಹೇಳಲು ಹೋಗುವುದಿಲ್ಲ.