ಅಂಗೈ ಮೇಲಿನ ಕೆಂಪು ಚುಕ್ಕೆ

ಇದು ನಡೆದದ್ದು. ನಾನು ಕುಡಿಯುವವನಲ್ಲ, ದೆವ್ವ ನಂಬುವವನೂ ಅಲ್ಲ. ಅಣ್ಣಿಗೇರಿ ಸುತ್ತಲಿನ ಹಳ್ಳಿಗಳಲ್ಲಿ ಇಂಟರ್ನೆಟ್ ಕೇಬಲ್ ಕಡಿದರೆ ಹೋಗಿ ಜೋಡಿಸುವವನು. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಈ ಕೆಲಸಕ್ಕೆ ಇಬ್ಬರು ಬೇಕು. ಕೇಬಲ್ ಕಡಿದರೆ ಊರಿನ ಮೊಬೈಲ್ ಟವರೂ ಸತ್ತಿರುತ್ತದೆ, ಒಬ್ಬರಿಗೊಬ್ಬರು ಫೋನ್ ಮಾಡಲು ಆಗುವುದಿಲ್ಲ. ಅದಕ್ಕೇ ನನ್ನ ಜೊತೆಗಾರ ಫಕ್ಕೀರಣ್ಣ ಕೇಬಲ್ ಹೊರಡುವ ಮಷೀನ್ ರೂಮಿನಲ್ಲಿ ಕೂತು, ಲೇಸರ್ ಪೆನ್ನಿನ ಕೆಂಪು ಬೆಳಕನ್ನು ಕೇಬಲ್ಲಿನ ಗಾಜಿನ ಎಳೆಯೊಳಗೆ ಬಿಡುತ್ತಿದ್ದ. ಕಡಿದ ತುದಿಯಲ್ಲಿ ಅದು ನನ್ನ ಅಂಗೈ ಮೇಲೆ ಚುಕ್ಕೆಯಾಗಿ ಬೀಳುತ್ತಿತ್ತು. ಎರಡು ಸಲ ಮಿನುಗಿದರೆ, ‘ಇದೇ ಎಳಿ, ಜೋಡಸು’. ಆಮೇಲೆ ಒಂದು ಉದ್ದನೆಯ ಬೆಳಕು... ‘ಊಟಕ್ಕ ಬಾ ತಮ್ಮಾ’. ಅದು ಅವನೇ ಮಾಡಿಕೊಂಡ ಗುರುತು.

ಅವನು ಎದೆನೋವಿನಿಂದ ತೀರಿಕೊಂಡು ತಿಂಗಳಾಗಿತ್ತು. ನಾನು ಅತ್ತಿರಲಿಲ್ಲ. ಮಣ್ಣು ಮುಗಿಸಿ, ಕೈಕಾಲು ತೊಳೆದು, ಮರುದಿನ ಕೆಲಸಕ್ಕೆ ಹೋಗಿದ್ದೆ. ಒಳಗೆಲ್ಲ ಜೋಮು ಹಿಡಿದ ಹಾಗೆ... ಅಷ್ಟೇ.

ಆ ದಿನ ಕತ್ತಲಾದ ಮೇಲೆ ಒಬ್ಬ ರೈತ ಬೈಕಿನಲ್ಲಿ ರೂಮಿನ ತನಕ ಬಂದ.

“ನಮ್ಮವ್ವಗ ಎದಿನೋವ್ರಿ. ದವಾಖಾನ್ಯಾಗ ಅದಾಳ. ಇಸಿಜಿ ಹುಬ್ಬಳ್ಳಿ ಡಾಕ್ಟರಿಗೆ ಕಳಸಬೇಕಂತ, ಅವ್ರು ಹೂಂ ಅನ್ನೂತನಕ ಇಂಜೆಕ್ಷನ್ ಕೊಡಂಗಿಲ್ಲಂತ. ನೆಟ್ಟೂ ಇಲ್ಲ, ಫೋನೂ ಇಲ್ರಿ!”

ದೂರ ಅಳೆಯುವ ಮೀಟರ್ ಹಚ್ಚಿ ನೋಡಿದೆ. ಕೇಬಲ್ ಕಡಿದದ್ದು ಸಾವಿರದ ಆರುನೂರು ಮೀಟರಿಗೆ, ಅಂದರೆ ಕಾಲುವೆ ದಂಡೆಗೆ. ರೂಮಿಗೆ ಬೀಗ ಜಡಿದು, ಕೀಲಿಕೈ ಜೇಬಿಗಿಳಿಸಿ, ಅವನನ್ನೇ ಕರೆದುಕೊಂಡು ಹೊರಟೆ.

ಕಡಲೆ ಹೊಲದ ಹುಳಿ ವಾಸನೆ. ಕಾಲುವೆಯಲ್ಲಿ ನೀರಿನ ಗುಳುಗುಳು. ಜೆಸಿಬಿ ಅಗೆದ ಗುಂಡಿಯಲ್ಲಿ ಕೇಬಲ್ ಎರಡು ತುಂಡಾಗಿ ಬಿದ್ದಿತ್ತು. ಸಿಪ್ಪೆ ಸುಲಿದು, ಎಳೆಯನ್ನು ಸ್ಪಿರಿಟ್‌ನಿಂದ ಒರೆಸಿದೆ. ಅಷ್ಟರಲ್ಲಿ ಅವನು ಹಿಡಿದಿದ್ದ ಟಾರ್ಚ್ ಮಂಕಾಗಿ ಆರಿತು...

ನನ್ನ ಅಂಗೈ ಮೇಲೆ ಕೆಂಪು ಚುಕ್ಕೆ.

ಎರಡು ಸಲ ಮಿನುಗಿತು. ನಿಂತಿತು. ಆಮೇಲೆ ಒಂದು ಉದ್ದನೆಯದು...

“ಆ ಕಡಿ ನಿಮ್ಮವರು ಅದಾರೇನ್ರಿ?” ಅವನು ಪಿಸುಗುಟ್ಟಿದ.

“ಹೌದ್ರಿ,” ಅಂದೆ.

ಹೆದರಿಕೆಯಾಗಲಿಲ್ಲ. ಆ ಚುಕ್ಕೆಯನ್ನು ಬಿಡಲು ಮನಸ್ಸಾಗಲಿಲ್ಲ. ಎಳೆ ಜೋಡಿಸಿದರೆ ಬೆಳಕು ಮುಂದಕ್ಕೆ ಹರಿದು ಹೋಗುತ್ತದೆ, ಮತ್ತೆ ನನ್ನ ಅಂಗೈಗೆ ಬೀಳುವುದಿಲ್ಲ. ಎಷ್ಟು ಹೊತ್ತು ಹಾಗೇ ಕೂತಿದ್ದೆನೋ...

“ಜಲ್ದಿ ಮಾಡ್ರಿ ಅಣ್ಣಾರ... ನಮ್ಮವ್ವ ಅಲ್ಲಿ ಒದ್ದಾಡಾಕತ್ಯಾಳ.”

ಜೋಡಿಸುವ ಮಷೀನಿನ ಪುಟ್ಟ ದೀಪದ ಬೆಳಕಿನಲ್ಲೇ ಎಳೆ ಜೋಡಿಸಿದೆ. ಚುಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಅವನ ಜೇಬಿನಲ್ಲಿ ಫೋನು ಒಂದೇ ಸಮನೆ ಟಿಣ್ ಟಿಣ್ ಎನ್ನತೊಡಗಿತು. ಹುಬ್ಬಳ್ಳಿಯಿಂದ ಉತ್ತರ ಬಂತು, ಅವನ ತಾಯಿ ಉಳಿದಳು.

ನಾನು ರೂಮಿಗೆ ಮರಳಿದೆ. ಬೀಗ ಹಾಕಿದ ಹಾಗೇ ಇತ್ತು. ಫಕ್ಕೀರಣ್ಣನ ಚೀಲ ಮೊಳೆಯಲ್ಲಿ ತೂಗುತ್ತಿತ್ತು, ಪೆನ್ನು ಅದರೊಳಗೇ ಇತ್ತು. ಬಿಚ್ಚಿ ನೋಡಿದೆ. ಖಾಲಿ. ಅವನು ತೀರಿಕೊಂಡ ವಾರವೇ ಅದರ ಸೆಲ್ ತೆಗೆದು ನಮ್ಮ ಮನೆಯ ಗಡಿಯಾರಕ್ಕೆ ಹಾಕಿದವನು ನಾನೇ.

ಈಗಲೂ ಎಲ್ಲಿ ಕೇಬಲ್ ಕಡಿದರೂ, ಜೋಡಿಸುವ ಮುಂಚೆ ಟಾರ್ಚ್ ಆರಿಸಿ ಅಂಗೈ ಚಾಚುತ್ತೇನೆ. ಇನ್ನೂ ಏನೂ ಬಂದಿಲ್ಲ. ಅಂದು ಅವನು ಊಟಕ್ಕೆ ಕರೆದದ್ದು ಎಲ್ಲಿಗೋ ಗೊತ್ತಿಲ್ಲ. ಮತ್ತೆ ಕರೆದರೆ ಹೋಗುವುದಿಲ್ಲ ಅನ್ನುವ ಧೈರ್ಯವೂ ನನಗಿಲ್ಲ...